ಹಳೆಯ ಕ್ಯಾಮರೊಗೆ ಹೊಸ ಎಂಜಿನ್ ಕೂರಿಸುವುದು ಹೇಗೆ?

ಶೆವರ್ಲೆ ಕಂಪನಿಯ ಮೊದಲ ತಲೆಮಾರಿನ ಕ್ಯಾಮರೊ ಬಂದದ್ದು 1967ರಿಂದ 1969ರವರೆಗೆ, ಮೂರೇ ಮಾದರಿ ವರ್ಷ. ಚೆಲುವಿನಲ್ಲಿ ಅದಕ್ಕೆ ಇವತ್ತಿಗೂ ಸಾಟಿ ಕಡಿಮೆ. ಆದರೆ ಒಳಗಿರುವುದು ಕಾರ್ಬ್ಯುರೇಟರ್, ಪಾಯಿಂಟ್ ಇಗ್ನಿಷನ್ ಮತ್ತು ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ತಗ್ಗಿಸುವ ಮೇಲಿನ ಗೇರ್) ಇಲ್ಲದ ಗೇರ್‌ಬಾಕ್ಸ್. ಹಿಂದಿನ ಆಕ್ಸಲ್ ಅನುಪಾತ 3.73, ಟೈರಿನ ಎತ್ತರ 26 ಇಂಚು ಇದ್ದರೆ, ಗಂಟೆಗೆ 70 ಮೈಲಿ (112 ಕಿ.ಮೀ.) ವೇಗದಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,370 ಸುತ್ತು ತಿರುಗುತ್ತದೆ. 0.70 ಅನುಪಾತದ ನಾಲ್ಕನೇ ಗೇರ್ ಇರುವ 4ಎಲ್60ಇ ಗೇರ್‌ಬಾಕ್ಸ್ ಹಾಕಿದರೆ ಅದೇ ವೇಗಕ್ಕೆ 2,360 ಸುತ್ತು ಸಾಕು. ದೂರ ಪ್ರಯಾಣದಲ್ಲಿ ಕಿವಿಗೂ ಜೇಬಿಗೂ ಆಗುವ ವ್ಯತ್ಯಾಸ ಇಷ್ಟರಿಂದಲೇ ತಿಳಿಯುತ್ತದೆ.

ಅಮೆರಿಕದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಜನರಲ್ ಮೋಟರ್ಸ್‌ನ ಎಲ್‌ಎಸ್ ಸರಣಿಯ ವಿ8 ಎಂಜಿನ್. ಅದನ್ನು ಮೌಂಟ್ (ಎಂಜಿನ್ ಹೊರುವ ಆಧಾರ) ಮೇಲೆ ಇಳಿಸುವುದು ಒಂದು ದಿನದ ಕೆಲಸ. ತಿಂಗಳುಗಟ್ಟಲೆ ಹಿಡಿಯುವುದು ಅದರ ಸುತ್ತಲಿನ ಪೆಟ್ರೋಲ್, ನೀರು, ವೈರು, ಶಾಫ್ಟುಗಳ ಕೆಲಸ. ಹೀಗಾಗಿ ಮೊದಲು ಅಳತೆ, ಆಮೇಲೆ ಖರೀದಿ, ಕೊನೆಗೆ ಕತ್ತರಿ.

ಯಾವ ಎಂಜಿನ್?

ಕೈಗೆಟಕುವ ಬೆಲೆಗೆ ಸಿಗುವುದು 1999ರಿಂದ 2007ರ ನಡುವಿನ ಸಿಲ್ವೆರಾಡೊ ಪಿಕಪ್‌ಗಳಲ್ಲಿದ್ದ 5.3 ಲೀಟರ್‌ನ ಎಲ್‌ಎಂ7. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಗಾಡಿಯ ಗುರುತಿನ ಸಂಖ್ಯೆಯಾದ ವಿನ್‌ನ ಎಂಟನೇ ಅಕ್ಷರ ‘ಟಿ’ ಆಗಿದ್ದರೆ ಅದು ಎಲ್‌ಎಂ7. ಗುಜರಿಯಿಂದ ಕೊಳ್ಳುವಾಗ ಬರೀ ಎಂಜಿನ್ ತರಬೇಡಿ. ಗೇರ್‌ಬಾಕ್ಸ್, ಕಂಪ್ಯೂಟರ್, ಪೂರ್ತಿ ವೈರಿಂಗ್, ಸೆನ್ಸರ್‌ಗಳು, ಜೊತೆಗೆ ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಅದೇ ಗಾಡಿಯ ಆಕ್ಸಿಲರೇಟರ್ ಪೆಡಲ್ ಮತ್ತು ಅದರ ಮಾಡ್ಯೂಲ್, ಎಲ್ಲವೂ ಒಂದೇ ಗಾಡಿಯದಾಗಿರಲಿ. ಬೇರೆ ಬೇರೆ ವರ್ಷದ ಪೆಡಲ್ ಮತ್ತು ಥ್ರಾಟಲ್ ಸೇರಿಸಿದರೆ ಒಂದಕ್ಕೊಂದು ಮಾತಾಡುವುದಿಲ್ಲ. ಗೇರ್‌ಬಾಕ್ಸ್ ಎರಡು ಚಕ್ರ ಚಾಲನೆಯ ಪಿಕಪ್‌ನದೇ ಬೇಕು. ನಾಲ್ಕು ಚಕ್ರ ಚಾಲನೆಯದರ ಹಿಂತುದಿ ಬೇರೆ ಥರ.

ಇನ್ನೊಂದು ಎಚ್ಚರಿಕೆ: ಎಲ್‌ಎಂ7ನ ಕ್ರ್ಯಾಂಕ್ ಸೆನ್ಸರ್ ಓದುವುದು 24 ಹಲ್ಲಿನ ಚಕ್ರವನ್ನು. ನಂತರದ ನಾಲ್ಕನೇ ತಲೆಮಾರಿನ ಹೆಚ್ಚಿನ ಎಂಜಿನ್‌ಗಳದ್ದು 58 ಹಲ್ಲು. ಒಂದರ ಕಂಪ್ಯೂಟರ್ ಇನ್ನೊಂದಕ್ಕೆ ನೇರವಾಗಿ ಆಗದು.

ಮೊದಲು ಖಾಲಿ ಜೋಡಣೆ

ಹಳೆಯ ಎಂಜಿನ್ ಇಳಿಸಿ, ಎಂಜಿನ್ ಕೋಣೆ ತೊಳೆದ ಮೇಲೆ ಹೊಸದನ್ನು ಭಾರವಿಲ್ಲದೆ ಕೂರಿಸಿ ನೋಡಬೇಕು: ಬ್ಲಾಕ್, ಹೆಡ್, ಆಯಿಲ್ ಪ್ಯಾನ್, ಗೇರ್‌ಬಾಕ್ಸ್ ಮಾತ್ರ. ಹಳೆಯ ವಿ8 ಆದ ಸ್ಮಾಲ್ ಬ್ಲಾಕ್‌ನ ಮೌಂಟಿಗೆ ಪ್ರತಿ ಬದಿಯಲ್ಲಿ ಮೂರು ಬೋಲ್ಟ್, ಎಲ್‌ಎಸ್‌ಗೆ ನಾಲ್ಕು. ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಎಂಜಿನ್ ತೀರಾ ಹಿಂದೆ ಹೋದರೆ ಗೇರ್‌ಬಾಕ್ಸಿನ ಮೇಲಿನ ಬೋಲ್ಟುಗಳಿಗೆ ಸ್ಪ್ಯಾನರ್ ಹೋಗುವುದಿಲ್ಲ. ಮುಂದೆ ಬಂದರೆ ಪ್ಯಾನ್ ಕ್ರಾಸ್‌ಮೆಂಬರಿಗೆ (ಚಾಸಿಸ್ಸಿನ ಅಡ್ಡ ತೊಲೆಗೆ) ತಾಗುತ್ತದೆ, ಫ್ಯಾನಿಗೆ ಜಾಗ ಉಳಿಯುವುದಿಲ್ಲ.

ಪಿಕಪ್‌ನ ಆಯಿಲ್ ಪ್ಯಾನ್ ಇಲ್ಲಿಗೆ ಆಗುವುದೇ ಇಲ್ಲ. ಅದು ಎಷ್ಟು ಆಳವೆಂದರೆ ಕ್ರಾಸ್‌ಮೆಂಬರಿಗಿಂತ ಕೆಳಗೆ ಜೋತುಬಿದ್ದು ಮೊದಲ ಉಬ್ಬಿಗೇ ಒಡೆಯುತ್ತದೆ. ಎಣ್ಣೆ ನಿಲ್ಲುವ ಗುಂಡಿ (ಸಂಪ್) ಹಿಂದಿರುವ, ಎಂಜಿನ್ ಬದಲಾವಣೆಗೆಂದೇ ಮಾಡಿದ ಪ್ಯಾನ್ ಕೊಳ್ಳಿ. ಅದನ್ನು ಹಾಕಿದ ಮೇಲೆ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಸ್ಟೇರಿಂಗಿನ ಕೆಳಗಿನ ಅಡ್ಡ ಕಂಬಿ (ಸೆಂಟರ್ ಲಿಂಕ್) ಪ್ಯಾನಿಗೆ ಎಲ್ಲೂ ಉಜ್ಜುತ್ತಿಲ್ಲವೆಂದು ಕಣ್ಣಾರೆ ನೋಡಿ. ಮುಂದಿನ ಚಕ್ರಗಳು ನೇತಾಡುತ್ತಿರುವಾಗ ಒಮ್ಮೆ, ನೆಲದ ಮೇಲೆ ಭಾರ ಬಿದ್ದಾಗ ಇನ್ನೊಮ್ಮೆ.

ಪ್ಯಾನ್ ಬದಲಿಸುವಾಗ ಎಣ್ಣೆ ಹೀರುವ ಪಿಕಪ್ ಟ್ಯೂಬೂ ಬದಲಾಗುತ್ತದೆ. ಅದರ ತುದಿಯ ಓ ರಿಂಗ್ ಬೆರಳುಂಗುರದಷ್ಟು ಚಿಕ್ಕದು, ಆದರೆ ಎಂಜಿನ್‌ನ ಪ್ರಾಣ ಅದರಲ್ಲಿದೆ. ಹೊಸ ಓ ರಿಂಗಿಗೆ ಎಣ್ಣೆ ಸವರಿ, ಟ್ಯೂಬನ್ನು ಕೈಯಿಂದಲೇ ನೇರವಾಗಿ ಪಂಪಿನೊಳಗೆ ಕೂರಿಸಿ, ಆಮೇಲೆ ಬೋಲ್ಟ್ ಹಾಕಿ. ಬೋಲ್ಟ್ ಬಿಗಿಮಾಡುತ್ತಾ ಟ್ಯೂಬನ್ನು ಎಳೆದರೆ ರಿಂಗ್ ಒಂದು ಕಡೆ ಕಚ್ಚಿ ಹರಿಯುತ್ತದೆ. ಪಂಪ್ ಆಗ ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ, ಒತ್ತಡ ಏರುವುದಿಲ್ಲ, ಬೇರಿಂಗ್‌ಗಳು ಸುಡುತ್ತವೆ.

ಎಂಜಿನ್‌ಗೆ ಗಾಳಿ ಹರಿಸುವ ಪಿಕಪ್‌ನ ಇನ್‌ಟೇಕ್ ಎತ್ತರ ಹೆಚ್ಚು. ಅದರ ಮೇಲೆ ನಾಲ್ಕು ಕಡೆ ಜೇಡಿಮಣ್ಣಿನ ಉಂಡೆ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚಿ, ತೆರೆದು, ಉಂಡೆ ಎಷ್ಟು ಚಪ್ಪಟೆಯಾಗಿದೆ ಅಳೆಯಿರಿ. ಅರ್ಧ ಇಂಚಿಗಿಂತ ಕಡಿಮೆ ಉಳಿದಿದ್ದರೆ ಕಾರಿನ ತಗ್ಗಾದ ಇನ್‌ಟೇಕ್ ಬೇಕು. ಏಕೆಂದರೆ ಓಡುವಾಗ ಎಂಜಿನ್ ಮೌಂಟ್ ಮೇಲೆ ಅಲುಗಾಡಿ ಬಾನೆಟ್ಟಿಗೆ ತಾಗಬಹುದು. ಪಿಕಪ್‌ನ ಎ.ಸಿ. ಕಂಪ್ರೆಸರ್ ಬಲಗಡೆ ಕೆಳಗೆ ಚಾಸಿಸ್‌ಗೆ ತಾಗುವುದರಿಂದ ಅದಕ್ಕೂ ಬೇರೆ ಬ್ರ್ಯಾಕೆಟ್ ಹುಡುಕಬೇಕು.

ಗೇರ್‌ಬಾಕ್ಸ್ ಮತ್ತು ಶಾಫ್ಟ್

ಹಳೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಟಿಎಚ್350ರ ಉದ್ದ 27.7 ಇಂಚು, 4ಎಲ್60ಇಯದ್ದು 30.75 ಇಂಚು. ಅಂದರೆ ಗೇರ್‌ಬಾಕ್ಸ್ ಹೊರುವ ಕ್ರಾಸ್‌ಮೆಂಬರ್ ಎರಡು ಇಂಚಿನಷ್ಟು ಹಿಂದೆ ಸರಿಯಬೇಕು, ಪ್ರೊಪೆಲ್ಲರ್ ಶಾಫ್ಟ್ ಸುಮಾರು ಮೂರು ಇಂಚು ಮೊಟಕಾಗಬೇಕು. ಗೇರ್‌ಬಾಕ್ಸಿನೊಳಗೆ ಹೋಗುವ ಶಾಫ್ಟಿನ ತುದಿ, ಅಂದರೆ ಯೋಕ್, ಎರಡಕ್ಕೂ 27 ಸ್ಪ್ಲೈನಿನದೇ (ಹಲ್ಲುಗೆರೆ), ಹಳೆಯದೇ ನಡೆಯುತ್ತದೆ. ಶಾಫ್ಟ್ ಕತ್ತರಿಸಲು ಕೊಡುವುದು ಕೊನೆಗೆ: ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗ ಅಳೆದು, ಯೋಕ್ ಪೂರ್ತಿ ಒಳಗೆ ಹೋದ ಸ್ಥಾನದಿಂದ ಮುಕ್ಕಾಲು ಇಂಚು ಹೊರಗೆ ಉಳಿಯುವಂತೆ ಉದ್ದ ಹೇಳಬೇಕು. ಎಂಜಿನ್ ಹಿಂದಕ್ಕೆ ಮೂರು ಡಿಗ್ರಿ ಇಳಿದಿದ್ದರೆ ಆಕ್ಸಲ್ಲಿನ ಪಿನಿಯನ್ (ಶಾಫ್ಟ್ ಸೇರುವ ಗೇರಿನ ತುದಿ) ಅಷ್ಟೇ ಮೇಲಕ್ಕೆ ನೋಡಬೇಕು. ಈ ಎರಡು ಕೋನಗಳ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ವೇಗ ಏರಿದಂತೆ ನೆಲವೆಲ್ಲ ನಡುಗುತ್ತದೆ.

ಹೆಚ್ಚು ಹಣ ಹಾಳಾಗುವುದು ಎಂಜಿನ್‌ನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಕೂರಿಸುವಲ್ಲಿ. ಕನ್ವರ್ಟರನ್ನು ಗೇರ್‌ಬಾಕ್ಸಿನೊಳಗೆ ತಿರುಗಿಸುತ್ತಾ ತಳ್ಳಿದರೆ ‘ಟಕ್’ ಎಂದು ಹಂತಹಂತವಾಗಿ ಒಳಕ್ಕಿಳಿಯುತ್ತದೆ. ಪೂರ್ತಿ ಇಳಿದಿದ್ದರೆ, ಗೇರ್‌ಬಾಕ್ಸ್ ಎಂಜಿನ್‌ಗೆ ಮುಖ ಕೂಡಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಎಂಜಿನ್ ಬದಿಯ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿನಿಂದ ಇಂಚಿನ ಎಂಟನೇ ಒಂದು ಭಾಗದಷ್ಟು ದೂರ ಇರಬೇಕು. ಮುಖ ಕೂಡದಿದ್ದರೆ ಬೋಲ್ಟಿನಿಂದ ಎಳೆಯಬೇಡಿ. ಎಳೆದರೆ ಗೇರ್‌ಬಾಕ್ಸಿನ ಪಂಪ್ ಸ್ಟಾರ್ಟ್ ಆಗುವ ಮೊದಲೇ ಒಡೆದಿರುತ್ತದೆ.

ಎಂಜಿನ್‌ಗೆ ಗೇರ್‌ಬಾಕ್ಸ್ ಜೋಡಿಸುವ ಬೋಲ್ಟುಗಳು 10 ಮಿ.ಮೀ. ಮೆಟ್ರಿಕ್. ಹಳೆಯ ಎಂಜಿನ್‌ನ 3/8 ಇಂಚಿನ ಬೋಲ್ಟ್ ನೋಟಕ್ಕೆ ಹಾಗೆಯೇ ಕಾಣುತ್ತದೆ, ಒಂದೆರಡು ಸುತ್ತು ಒಳಗೂ ಹೋಗುತ್ತದೆ, ಆಮೇಲೆ ರಂಧ್ರದ ತಿರುಪುಗೆರೆಯನ್ನೇ ಕಿತ್ತುಹಾಕುತ್ತದೆ. ಹಳೆಯ ಟಿಎಚ್350 ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುವವರಿಗೆ ಒಂದು ಮಾತು: ಎಲ್‌ಎಸ್ ಕ್ರ್ಯಾಂಕಿನ ಹಿಂಭಾಗ 0.4 ಇಂಚು ಒಳಗಿದೆ, ಸ್ಪೇಸರ್ ಬೇಕು. ಕ್ಲಚ್ ಪೆಡಲ್ ಬೇಕೆನ್ನುವವರು ಆರು ಗೇರಿನ ಟಿ56 ಮ್ಯಾಗ್ನಮ್ ಹಾಕಲು ಕಾರಿನ ನೆಲದ ನಡುವಿನ ಉಬ್ಬನ್ನು (ಟನೆಲ್) ಕತ್ತರಿಸಬೇಕಾಗುತ್ತದೆ.

ಪೆಟ್ರೋಲ್ ಮತ್ತು ನೀರು

ಹಳೆಯ ಯಾಂತ್ರಿಕ ಪಂಪ್ ಕೊಡುತ್ತಿದ್ದುದು 5ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ. ಇಂಜೆಕ್ಷನ್‌ಗೆ ಬೇಕಾದುದು 58. ಹಳೆಯ ರಬ್ಬರ್ ಪೈಪ್ ಇಷ್ಟನ್ನು ತಡೆಯದೆ ಸಿಡಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಇಂಜೆಕ್ಷನ್‌ಗೆಂದೇ ಗುರುತು ಹಾಕಿದ ಪೈಪನ್ನೇ ಹಾಕಿ. ಇದರಲ್ಲಿ ಉಳಿತಾಯ ಬೇಡವೇ ಬೇಡ. ಪಂಪ್ ಟ್ಯಾಂಕಿನೊಳಗೆ ಇರಲಿ. ಪೆಟ್ರೋಲಿನಲ್ಲಿ ಮುಳುಗಿದ ಪಂಪ್ ತಣ್ಣಗಿರುತ್ತದೆ. ಹೊರಗೆ ನೇತುಹಾಕಿದ್ದು ಬಿಸಿಯಾಗಿ, ಸದ್ದು ಮಾಡಿ, ಬೇಗ ಸಾಯುತ್ತದೆ. ಟ್ಯಾಂಕಿನಲ್ಲಿ ತಡೆಗೋಡೆಗಳಿರಬೇಕು, ಇಲ್ಲವಾದರೆ ತಿರುವಿನಲ್ಲಿ ಪೆಟ್ರೋಲ್ ಬದಿಗೆ ಸರಿದು ಎಂಜಿನ್ ಮುಗ್ಗರಿಸುತ್ತದೆ. 1999ರಿಂದ 2003ರ ಕಾರ್ವೆಟ್ ಕಾರಿನ ಪೆಟ್ರೋಲ್ ಫಿಲ್ಟರಿನೊಳಗೇ 58 ಪಿಎಸ್‌ಐ ರೆಗ್ಯುಲೇಟರ್ ಇದೆ. ಅದನ್ನು ಟ್ಯಾಂಕಿನ ಹತ್ತಿರ ಕೂರಿಸಿದರೆ ಮುಂದಕ್ಕೆ ಒಂದೇ ಪೈಪ್ ಸಾಕು. ಇದಕ್ಕೆ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ಪೈಪ್ (ರಿಟರ್ನ್) ಇಲ್ಲದ ಫ್ಯೂಯಲ್ ರೇಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಹೊಂದುತ್ತದೆ.

ಹೆಡ್‌ಗಳ ಮೇಲಿನ ಸಣ್ಣ ಸ್ಟೀಮ್ ಪೈಪನ್ನು ರೇಡಿಯೇಟರಿನ ಮೇಲ್ಭಾಗಕ್ಕೆ ಸೇರಿಸಿ. ‘ಇದೇನು, ಬೇಡ’ ಎಂದು ಮುಚ್ಚಿಬಿಡುವವರಿದ್ದಾರೆ. ಮುಚ್ಚಿದರೆ ಹೆಡ್ಡಿನಲ್ಲಿ ಆವಿ ಸಿಕ್ಕಿಕೊಳ್ಳುತ್ತದೆ. ಮೀಟರ್ ಸರಿಯಾಗಿಯೇ ತೋರಿಸುತ್ತಿರುವಾಗ ಗ್ಯಾಸ್ಕೆಟ್ ಹೋಗುತ್ತದೆ.

ವೈರಿಂಗ್

ಬಿಡಿಯಾಗಿ ಸಿಗುವ ಸ್ವತಂತ್ರ ವೈರಿಂಗ್ ತಂದರೆ ಕಾರಿನಿಂದ ಬೇಕಾಗುವುದು ಕೆಲವೇ ತಂತಿಗಳು: ಬ್ಯಾಟರಿಯ ನೇರ 12 ವೋಲ್ಟ್, ಕೀಯ 12 ವೋಲ್ಟ್, ಪಂಪ್ ಮತ್ತು ಫ್ಯಾನ್‌ಗಳ ರಿಲೇ, ಅರ್ತ್. ಕೀಯ ತಂತಿಯಲ್ಲೇ ಹೆಚ್ಚಿನವರು ಎಡವುವುದು. ಹಳೆಯ ಇಗ್ನಿಷನ್ ಕಾಯಿಲ್‌ಗೆ ಹೋಗುವ ತಂತಿ ಪ್ರತಿರೋಧದ ತಂತಿ, ಅದರಲ್ಲಿ ಪೂರ್ತಿ 12 ವೋಲ್ಟ್ ಬರುವುದಿಲ್ಲ. ಆಕ್ಸೆಸರಿ ತಂತಿಯೋ, ಸೆಲ್ಫ್ ಹೊಡೆಯುವಾಗ ಸತ್ತುಹೋಗುತ್ತದೆ. ಸೆಲ್ಫ್ ತಿರುಗುತ್ತದೆ, ಕೀ ಬಿಟ್ಟ ಕ್ಷಣ ಮಾತ್ರ ಒಮ್ಮೆ ಕೆಮ್ಮುತ್ತದೆ ಎಂದಾದರೆ ಕಾರಣ ಇದೇ. ಮೀಟರ್ ಹಿಡಿದು, ಕೀ ಆನ್ ಇದ್ದಾಗಲೂ ಸೆಲ್ಫ್ ಹೊಡೆಯುವಾಗಲೂ ಬ್ಯಾಟರಿಯಷ್ಟೇ ವೋಲ್ಟ್ ತೋರಿಸುವ ತಂತಿ ಹುಡುಕಿ. ಪಿಕಪ್‌ನ ಕಳ್ಳತನ ತಡೆಯುವ ವ್ಯವಸ್ಥೆಯನ್ನು ಕಂಪ್ಯೂಟರಿನಲ್ಲಿ ತೆಗೆಸದಿದ್ದರೆ ಎಂಜಿನ್ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಬ್ಲಾಕ್, ಬಾಡಿ, ಚಾಸಿಸ್ ಮೂರಕ್ಕೂ ದಪ್ಪ ಅರ್ತ್ ಪಟ್ಟಿ ಕೊಡಿ, ಕೆಳಗಿನ ಬಣ್ಣ ಕೆರೆದು.

ಕಾಗದಪತ್ರ

ಭಾರತಕ್ಕೆ ತಂದ ಹಳೆಯ ಕಾರಿಗೆ ಈ ಕೆಲಸ ಮಾಡಿಸುವ ಮೊದಲು ಯೋಚಿಸಿ. 2021ರಲ್ಲಿ ಬಂದ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ವಾಹನಕ್ಕೆ. ಎಂಜಿನ್ ಬದಲಾದರೆ ಆ ಅರ್ಹತೆ ಹೋಗುತ್ತದೆ.

ಮೊದಲ ಸ್ಟಾರ್ಟ್

ಎಣ್ಣೆ, ಫಿಲ್ಟರ್ ಹಾಕಿ, ಇಂಜೆಕ್ಟರ್ ಮತ್ತು ಕಾಯಿಲ್‌ಗಳ ಫ್ಯೂಸ್ ತೆಗೆದು, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒತ್ತಡದ ಮೀಟರ್ ಏಳುವವರೆಗೆ ಫ್ಯೂಸ್ ಹಾಕಬೇಡಿ. ಆಮೇಲೆ ಕೀಯನ್ನು ಆನ್ ಮಾಡಿ ಬಿಡಿ. ಪಂಪ್ ಪ್ರತಿ ಸಲ ಎರಡು ಸೆಕೆಂಡ್ ಓಡುತ್ತದೆ, ಅಷ್ಟರಲ್ಲಿ ಪ್ರತಿ ಪೈಪ್ ಸೇರುವ ಜಾಗವನ್ನೂ ಟಾರ್ಚ್ ಹಿಡಿದು ನೋಡಿ. ಎಂಜಿನ್ ಬಿಸಿಯಾದ ಮೇಲೆ 2,000 ಸುತ್ತಿನಲ್ಲಿ ಎಣ್ಣೆಯ ಒತ್ತಡ 18 ಪಿಎಸ್‌ಐಗಿಂತ ಕೆಳಗಿದ್ದರೆ ತಕ್ಷಣ ನಿಲ್ಲಿಸಿ, ಆ ಓ ರಿಂಗನ್ನು ನೆನಪಿಸಿಕೊಳ್ಳಿ.

ಗೇರ್‌ಬಾಕ್ಸಿನ ಎಣ್ಣೆ ನೋಡುವುದು ಎಂಜಿನ್ ಬಿಸಿಯಾಗಿ, ಪಾರ್ಕ್‌ನಲ್ಲಿ ಓಡುತ್ತಿರುವಾಗ. ಮೊದಲ 150 ಕಿ.ಮೀ. ಆದ ಮೇಲೆ ಕಾರು ಮತ್ತೆ ಎತ್ತಿ ಮೌಂಟ್, ಎಕ್ಸಾಸ್ಟ್ ಮತ್ತು ಕ್ರಾಸ್‌ಮೆಂಬರಿನ ಬೋಲ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ.