ಟೂರ್ ಬಸ್ಸು ಬಿಟ್ಟೆ, ಸೆಕೆಂಡ್ ಲೈನ್ ಹಿಂದೆ ನಡೆದೆ

ನ್ಯೂ ಆರ್ಲಿಯನ್ಸ್‌ಗೆ ಹೊಸದಾಗಿ ಬಂದವರಿಗೆ ನಮ್ಮವರು ಹೇಳೋದು ಒಂದೇ ಮಾತು: "ಬಸ್ ಟೂರ್ ತಗೊಳ್ಳಿ, ಟ್ರೆಮೇ ಬಡಾವಣೆ ಕಡೆ ನಡ್ಕೊಂಡ್ ಹೋಗ್ಬೇಡಿ." ಎರಡು ಬಸ್ ಟೂರಿಗೆ ಹತ್ತಿರ ಹತ್ತಿರ ನೂರು ಡಾಲರ್ ಸುರಿದೆ. ಗಾಜಿನಾಚೆ ಕಂಡದ್ದು ಬಣ್ಣದ ಮನೆಗಳಷ್ಟೇ. ಕೊನೆಗೆ ಫಲ ಕೊಟ್ಟದ್ದು ಭಾನುವಾರದ ಸೆಕೆಂಡ್ ಲೈನ್: ಹಿತ್ತಾಳೆ ವಾದ್ಯದ ಬ್ಯಾಂಡಿನ ಬೀದಿ ಮೆರವಣಿಗೆ, ಅದರ ಹಿಂದೆ ಕುಣಿಯುತ್ತ ನಡೆಯುವ ಜನ. ಒಂದೇ ಸೀಸನ್ನಿನಲ್ಲಿ ಹತ್ತು ಹನ್ನೆರಡು ನಡೆದೆ, ಒಂದಕ್ಕೂ ಟಿಕೆಟ್ಟಿಲ್ಲ. ಬೇಡ ಅಂದವರೇ ಈಗ ಶನಿವಾರ ರಾತ್ರಿ ರೂಟ್ ಕೇಳ್ತಾರೆ.

ಆಗಸ್ಟ್ ಕೊನೆಯಿಂದ ಜೂನ್‌ವರೆಗೆ ಬಹುತೇಕ ಪ್ರತಿ ಭಾನುವಾರ ಯಾವುದಾದರೊಂದು ಸೋಶಿಯಲ್ ಏಡ್ ಅಂಡ್ ಪ್ಲೆಷರ್ ಕ್ಲಬ್ಬಿನ ಮೆರವಣಿಗೆ ಇದ್ದೇ ಇರುತ್ತದೆ. ವಿಮೆ ಕಂಪನಿಗಳು ಕಪ್ಪು ಜನರನ್ನು ಹತ್ತಿರ ಸೇರಿಸದ ಕಾಲದಲ್ಲಿ ಚಂದಾ ಎತ್ತಿ ಕಾಯಿಲೆ, ಮಣ್ಣಿನ ಖರ್ಚು ನೋಡಿಕೊಂಡ ಪರಂಪರೆಯ ಸಂಘಗಳಿವು. ರೂಟ್ ಶೀಟ್ ಡಬ್ಲ್ಯೂಡಬ್ಲ್ಯೂಓಝಡ್ ರೇಡಿಯೋದವರು ಹಾಕುತ್ತಾರೆ.

ಎಡವುವುದು ಕಾರಿನಲ್ಲಿ. ಹೊರಡುವ ಜಾಗದಲ್ಲೇ ನಿಲ್ಲಿಸಿದರೆ ನಾಲ್ಕು ಗಂಟೆ ನಡೆದು ಮುಗಿಸುವಾಗ ಕಾರು ಎಲ್ಲೋ, ನಾವೆಲ್ಲೋ. ರೂಟಿನ ಮೇಲೇ ಬಿಟ್ಟರೆ ಟೋ ಆಗುತ್ತದೆ, ಬಿಡಿಸಲು ಇನ್ನೂರರ ಆಸುಪಾಸು. ಈಗ ಮೆರವಣಿಗೆ ನಿಲ್ಲುವ ಕೊನೆಯ ಸ್ಟಾಪಿಗೆ ಎರಡು ಬೀದಿ ಆಚೆ ಕಾರು ಬಿಟ್ಟು, ಸಿಟಿ ಬಸ್ಸಿನ 3 ಡಾಲರಿನ ದಿನದ ಪಾಸು, ಜ್ಯಾಜಿ ಪಾಸಿನಲ್ಲಿ ಅದರ ಎರಡನೇ ಸ್ಟಾಪಿಗೆ ಬರುತ್ತೇನೆ. ಯಾವ ತಿರುವಿನಲ್ಲಿ ಒಳಸೇರಿದರೆ ನೂಕುನುಗ್ಗಲಿಲ್ಲ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಹಗ್ಗದೊಳಗೆ ಕ್ಲಬ್ಬಿನವರು, ಬ್ಯಾಂಡು. ಅದು ಫಸ್ಟ್ ಲೈನ್, ಒಳಗೆ ಕಾಲಿಡುವಂತಿಲ್ಲ. ಫೋಟೋ ಆಸೆಗೆ ಮುಂದೆ ಓಡಿದರೆ ಬ್ಯಾಂಡಿನ ಕಡೆ ಮುಖ ಮಾಡಿ ಹಿಮ್ಮುಖವಾಗಿಯೇ ನಡೆಯಬೇಕು, ಸ್ನೇರ್ ಡ್ರಮ್ಮೂ ಸರಿಯಾಗಿ ಕೇಳಿಸುವುದಿಲ್ಲ. ಸೂಸಾಫೋನ್ ಅನ್ನುವ ದೊಡ್ಡ ಹಿತ್ತಾಳೆ ಕಹಳೆಯವನ ಹಿಂದೆ ಹತ್ತು ಹೆಜ್ಜೆ, ಪಕ್ಕಕ್ಕೆ ಸ್ವಲ್ಪ: ಅದೇ ಸರಿಯಾದ ಜಾಗ. ಕ್ಲೇಬೋರ್ನ್ ಅವೆನ್ಯೂ ಫ್ಲೈಓವರ್ ಕೆಳಗೆ ಬಂದಾಗಲಂತೂ ಬ್ಯಾಂಡಿನವರು ಬೇಕೆಂದೇ ನಿಧಾನ ಮಾಡುತ್ತಾರೆ. ಕಾಂಕ್ರೀಟಿಗೆ ಬಡಿದು ವಾಪಸ್ ಬರುವ ಹಿತ್ತಾಳೆಯ ಸದ್ದು ಎದೆಗೇ ಬಂದು ತಾಗುತ್ತದೆ. ಆ ಕಂಬಗಳ ಮೇಲೆ ಬಿಡಿಸಿರುವ ಓಕ್ ಮರಗಳನ್ನು ಗಮನಿಸಿ. ಐ-10 ಹೆದ್ದಾರಿಗಾಗಿ 1966ರಲ್ಲಿ ಕಡಿದದ್ದು ಅಲ್ಲಿದ್ದ ನಿಜವಾದ ಓಕ್ ಸಾಲನ್ನು. ಬಸ್ಸಿನವರು ಇಲ್ಲಿ ಒಂದು ನಿಮಿಷವೂ ನಿಲ್ಲಿಸಲಿಲ್ಲ.

ಚಿಲ್ಲರೆ ಒಂದು, ಐದು ಡಾಲರ್ ನೋಟುಗಳಲ್ಲಿರಲಿ, ಇಪ್ಪತ್ತೈದು ಸಾಕು. ಪಿಕಪ್ ಹಿಂಬದಿ ನೀರು ಮಾರುವವರಿಗೆ ಅದೇ ಬೇಕು. ಬ್ಯಾಂಡಿನ ಜೊತೆ ಹೊರಟದ್ದು ಶವಯಾತ್ರೆಯಾದರೆ ಲೆಕ್ಕ ಬೇರೆ: ಮನೆಯವರಿಗೆ ಅಡ್ಡ ಬರಬಾರದು, ನಿಧಾನದ ಧಾಟಿ ಮುಗಿದು ಬ್ಯಾಂಡು ಬೀಟ್ ಬದಲಿಸುವವರೆಗೆ ಫೋನು ಜೇಬಿನಲ್ಲೇ.

ಬೇಸಿಗೆಯಲ್ಲಿ ಮೆರವಣಿಗೆ ಇಲ್ಲದಾಗ ಕಾಂಗೋ ಸ್ಕ್ವೇರ್ ಅನ್ನುವ ಬಯಲಿಗೆ ಹೋಗಿ. ಗುಲಾಮರು ಭಾನುವಾರ ಸೇರಲು 1817ರ ಕಾನೂನಿನ ನಂತರ ಉಳಿದದ್ದು ಅದೊಂದೇ ಜಾಗ, ಇಂದಿಗೂ ಭಾನುವಾರ ಅಲ್ಲಿ ಡ್ರಮ್ ಬಾರಿಸುತ್ತಾರೆ.

ಇನ್ನು ಈ ಊರಿನ ಸೋಮವಾರದ ಊಟ, ರೆಡ್ ಬೀನ್ಸ್ (ನಮ್ಮ ರಾಜ್ಮಾ). ಸಸ್ಯಾಹಾರಿಗಳೇ, "ನೋ ಮೀಟ್" ಅಂದರೆ ಸಾಸೇಜ್ ತೆಗೆದು ಕೊಡುತ್ತಾರೆ ಅಷ್ಟೇ, ಬೀನ್ಸು ಬೆಂದದ್ದು ಹಂದಿ ಮಾಂಸದ ಜೊತೆಗೇ. ನಾನು ಮೂರು ಪಾತ್ರೆ ಹಾಳು ಮಾಡಿ ಕಲಿತದ್ದು: ಒಂದು ಪೌಂಡ್ ಬೀನ್ಸ್ ರಾತ್ರಿ ನೆನೆಸಿ, ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಬಾಡಿಸಿ, ಹೊಗೆಯ ವಾಸನೆಗೆ ಸ್ಮೋಕ್ಡ್ ಪ್ಯಾಪ್ರಿಕಾ ಹಾಕಿ. ಕುಕ್ಕರ್ ಬೇಡ, ಎಲ್ಲ ಕರಗಿ ಗೊಜ್ಜಾಗುತ್ತದೆ. ಎರಡು ಗಂಟೆ ತೆರೆದ ಪಾತ್ರೆಯಲ್ಲಿ ಬೇಯಿಸಿ, ಕೊನೆಗೆ ಒಂದು ಸೌಟಿನಷ್ಟು ಬೀನ್ಸನ್ನು ಪಾತ್ರೆಯ ಅಂಚಿಗೆ ಒತ್ತಿ ಮಸೆದರೆ ರಸ ತಾನಾಗಿ ಗಟ್ಟಿಯಾಗುತ್ತದೆ.