ಒಂದು ಅಡಿಕೆ ಬಗೆ ಸೇರಿಸಲು ಹನ್ನೊಂದು ಫೈಲು: ಉಬ್ಬಿದ ಕೋಡ್ ಇಳಿಸಿದ ಕ್ರಮ

ಶಿರಸಿಯ ಅಡಿಕೆ ವ್ಯಾಪಾರದ ಬಿಲ್ಲಿಂಗ್ ತಂತ್ರಾಂಶ. ರಾಶಿ, ಚಾಲಿ, ಬೆಟ್ಟೆಗಳ ಜೊತೆ ಹೊಸ ಬಗೆಯೊಂದನ್ನು ಸೇರಿಸಲು ಹನ್ನೊಂದು ಫೈಲು ತಿದ್ದಬೇಕಿತ್ತು. ಒಂದು ಮರೆತರೂ ತೂಕದ ಕಡಿತ ತಪ್ಪುತ್ತಿತ್ತು.

ದೊಡ್ಡ ಫೈಲುಗಳನ್ನು ಒಡೆದದ್ದು ಫಲ ಕೊಡಲಿಲ್ಲ. ತಿದ್ದುವ ಜಾಗಗಳು ಅಷ್ಟೇ ಉಳಿದವು. ಕಾಮೆಂಟ್ ಬರೆದದ್ದೂ ಅಷ್ಟೆ. ಕೋಡಿನ ಸಾಲುಗಳನ್ನು ಒಂದೇ ಶೈಲಿಗೆ ಜೋಡಿಸುವ ಫಾರ್ಮ್ಯಾಟರ್ ಓಡಿಸಿದ್ದರಿಂದ ಹಾನಿಯೇ ಆಯಿತು: ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರೆಂದು ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಎಲ್ಲ ಸಾಲಿಗೂ ಅದೇ ಕಮಿಟ್ (ದಾಖಲಾದ ಬದಲಾವಣೆ).

ಕೆಲಸಕ್ಕೆ ಬಂದದ್ದು ಸಾಲುಗಳ ಜೊತೆ ಬದಲಾವಣೆಯನ್ನೂ ಎಣಿಸಿದ್ದು. ಬದಲಾವಣೆಗಳ ದಾಖಲೆಯಾದ ಗಿಟ್ ಲಾಗ್‌ಗೆ, ಪ್ರತಿ ಫೈಲಿನಲ್ಲಿ ಸೇರಿದ, ಹೋದ ಸಾಲುಗಳನ್ನು ಎಣಿಸುವ ನಮ್‌ಸ್ಟ್ಯಾಟ್ ಆಯ್ಕೆ ಕೊಟ್ಟು 12 ತಿಂಗಳ ಲೆಕ್ಕ ತೆಗೆಯಿರಿ. ಲಾಕ್ ಫೈಲು (ಬಳಸಿದ ಲೈಬ್ರರಿಗಳ ಆವೃತ್ತಿಗಳ ಪಟ್ಟಿ), ತಾನಾಗಿ ಹುಟ್ಟುವ ಫೈಲುಗಳನ್ನು ಮೊದಲೇ ಬಿಡಿ, ಇಲ್ಲವಾದರೆ ಅವೇ ಮೇಲೆ ಬರುತ್ತವೆ. ಹೆಸರು ಬದಲಾದ ಫೈಲಿನ ಎಣಿಕೆ ಎರಡಾಗಿ ಒಡೆದಿರುತ್ತದೆ, ಕೈಯಿಂದ ಕೂಡಿಸಿ. ಉದ್ದವಿದ್ದು ಎಂದೂ ಬದಲಾಗದ ಫೈಲನ್ನು ಮುಟ್ಟಬೇಡಿ. ಉದ್ದವಿದ್ದು ಪದೇಪದೇ ಬದಲಾಗುವುದೇ ಖರ್ಚಿನ ಮೂಲ.

ಆಮೇಲೆ ಹಳೆಯ 200 ಬಿಲ್‌ಗಳನ್ನು ಮತ್ತೆ ಓಡಿಸಿ ಉತ್ತರ ಉಳಿಸಿಟ್ಟುಕೊಳ್ಳಿ. ಪ್ರತಿ ಕಮಿಟ್ ನಂತರ ಪೈಸೆ ಪೈಸೆ ಹೋಲಿಸಿ. ‘ಈ ಬಗೆಯಾದರೆ ಹೀಗೆ, ಇಲ್ಲವಾದರೆ ಹಾಗೆ’ ಎನ್ನುವ ಇಫ್-ಎಲ್ಸ್ ಸರಣಿಯನ್ನೆಲ್ಲ ಒಂದೇ ಕೋಷ್ಟಕಕ್ಕೆ ತನ್ನಿ: ಬಗೆ, ಕಡಿತ, ಚೀಲದ ತೂಕ.

ಸತ್ತ ಕೋಡ್, ಅಂದರೆ ಎಲ್ಲೂ ಬಳಕೆಯಾಗದ ಕೋಡ್, ಅಳಿಸುವುದು ಕೊನೆಗೆ. ಅನುಮಾನದ ಫಂಕ್ಷನ್ನಿಗೆ (ಕೋಡಿನ ತುಣುಕಿಗೆ) ಅದು ಓಡಿದಾಗ ದಾಖಲಿಸುವ ಒಂದು ಲಾಗ್ ಸಾಲು ಹಾಕಿ, ಮಾರ್ಚ್ 31 ದಾಟುವವರೆಗೆ ಕಾಯಿರಿ. ವರ್ಷಕ್ಕೊಮ್ಮೆ ಓಡುವ ವರದಿ ಮಳೆಗಾಲದಲ್ಲಿ ಸತ್ತಂತೆಯೇ ಕಾಣುತ್ತದೆ. ಒಂದು ಕಮಿಟ್‌ಗೆ ಒಂದೇ ಫಂಕ್ಷನ್ ಅಳಿಸಿ, ಓಡದಂತೆ ಕಾಮೆಂಟ್ ಮಾಡಿ ಉಳಿಸಬೇಡಿ.

ಈಗ ಹೊಸ ಬಗೆಗೆ ಕೋಷ್ಟಕದಲ್ಲಿ ಒಂದು ಸಾಲು ಸಾಕು.