ಶೂನ್ಯಸಂಪಾದನೆ ಓದಲು ಆನ್‌ಲೈನ್ ಕೂಟ: ಕಟ್ಟುವುದು ಹೇಗೆ?

ವಿಜಯಪುರ, ಬಾಗಲಕೋಟೆ ಕಡೆ ತತ್ತ್ವವೆಂದರೆ ಪ್ರವಚನ. ಶ್ರಾವಣ ಬಂತೆಂದರೆ ಮಠಮಠಗಳಲ್ಲಿ ಒಬ್ಬರು ಹೇಳುತ್ತಾರೆ, ಊರೇ ಕೇಳುತ್ತದೆ. ಕೇಳುವ ಸುಖ ದೊಡ್ಡದೇ. ಆದರೆ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆಯಲ್ಲಿ ಶರಣರೇ ಅಲ್ಲಮಪ್ರಭುವಿನೆದುರು ವಾದಕ್ಕೆ ನಿಲ್ಲುತ್ತಾರೆ; ಓದುವವರು ತೆಪ್ಪಗೆ ಕುಳಿತರೆ ಹೇಗೆ?

ಜನ ಆರೆಂಟು ಸಾಕು. ಜಮಖಂಡಿಯ ಮಾಸ್ತರರು, ಇಂಡಿ ತಾಲ್ಲೂಕಿನ ನಿಂಬೆ ಬೆಳೆಗಾರರು, ಇಳಕಲ್ಲಿನ ಸೀರೆ ವ್ಯಾಪಾರಿ, ಪುಣೆಯಲ್ಲಿ ನೌಕರಿಗಿರುವ ಅವರ ಮಗಳು, ಹೀಗೆ ಬೆರಕೆಯಾಗಿರಲಿ. ಎಲ್ಲರೂ ಕನ್ನಡ ಪ್ರಾಧ್ಯಾಪಕರೇ ಆದರೆ ಪಾಠಾಂತರದ, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾಗುವ ಪದಗಳ ಜಗಳದಲ್ಲೇ ರಾತ್ರಿ ಕಳೆದೀತು.

ಮುಂದಿನ ತಕರಾರು ಪುಸ್ತಕದ್ದು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ಈ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ತಿದ್ದಿ ಬೆಳೆಸಿದರು. ಗೂಳೂರಿನವರದನ್ನೇ ಎಲ್ಲರೂ ಇಟ್ಟುಕೊಳ್ಳಿ. ಮುದ್ರಣ ಬೇರೆಯಾದರೆ ಪುಟಸಂಖ್ಯೆ ಹೊಂದುವುದಿಲ್ಲ. ವಚನದ ಮೊದಲ ಸಾಲನ್ನೇ ಗುರುತಾಗಿ ಹೇಳಿ.

ಸಮಯ ರಾತ್ರಿ ಊಟದ ನಂತರ, ವಾರಕ್ಕೊಮ್ಮೆ. ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಉಚಿತ ಸಭೆ 60 ನಿಮಿಷಕ್ಕೆ ಮುಗಿಯುತ್ತದೆ. ಮುಗಿಯಲಿ ಬಿಡಿ, ಮಾತು ಹರಿಬಿಡುವವರಿಗೆ ಅದೇ ಮದ್ದು.

ಆರಂಭದ ಪುಟದಿಂದಲೇ ಶುರು ಮಾಡಬೇಕೆಂಬ ಹಟ ಬೇಡ. ನಾಥಯೋಗಿ ಗೋರಕ್ಷನ ಪ್ರಸಂಗ ಹಿಡಿಯಿರಿ. ವಜ್ರಕಾಯನೆಂಬ ಹಮ್ಮಿನ ಗೋರಕ್ಷನ ಮೈಗೆ ಅಲ್ಲಮ ಕತ್ತಿ ಬೀಸಿದರೆ ಖಣಿಲೆನ್ನುತ್ತದೆ. ಗೋರಕ್ಷ ಅಲ್ಲಮನ ಮೇಲೆ ಬೀಸಿದರೆ ಕತ್ತಿ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಒಬ್ಬರು ಇದನ್ನು ಗಟ್ಟಿಯಾಗಿ ಎರಡು ಸಲ ಓದಲಿ. ಆಮೇಲೆ ಪ್ರತಿಯೊಬ್ಬರೂ ಅರ್ಥ ಹೇಳುವುದಲ್ಲ, ತಾವು ಎಡವಿದ ಸಾಲು ಹೇಳಬೇಕು. ಪವಾಡ ನಿಜವೋ ಸುಳ್ಳೋ ಎಂದು ಯಾರಾದರೂ ಎತ್ತಿಕೊಂಡರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ಅದರ ಬದಲು ಕೇಳಬೇಕಾದದ್ದು: ಕತ್ತಿ ಇಬ್ಬರನ್ನೂ ಕೊಲ್ಲಲಿಲ್ಲ, ಹಾಗಾದರೆ ಗೋರಕ್ಷ ಸೋತದ್ದೇಕೆ? ಉತ್ತರಕ್ಕಾಗಿ ಪುಸ್ತಕದ ಸಾಲನ್ನೇ ತೋರಿಸಬೇಕು, ಕೇಳಿದ ಪ್ರವಚನವನ್ನಲ್ಲ.

ಇನ್ನೊಂದು ಎಚ್ಚರ. ವಚನಗಳು ಬಹುಪಾಲು 12ನೇ ಶತಮಾನದವು. ಅವುಗಳನ್ನು ಸಂವಾದವಾಗಿ ಜೋಡಿಸಿದ ಗದ್ಯ ಸಂಪಾದಕರದು. ಯಾವುದು ಯಾರ ಮಾತೆಂದು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ಜೋಡಣೆಯಿಂದಲೇ ಒಂದು ವಚನದ ಅರ್ಥ ತಿರುಗಿರುವುದು ಕಣ್ಣಿಗೆ ಬಿದ್ದ ದಿನ ಕೂಟಕ್ಕೆ ಹುರುಪು ಬರುತ್ತದೆ.

ಗುಂಪಿನಲ್ಲಿ ಮಠದ ಸ್ವಾಮಿಗಳೋ ನಿವೃತ್ತ ಪ್ರಾಂಶುಪಾಲರೋ ಇದ್ದರೆ ಉಳಿದವರು ಅವರ ಬಾಯಿ ನೋಡುತ್ತಾರೆ. ‘ಅಜ್ಜನವರೇ, ತಮ್ಮ ಮಾತು ಕೊನೆಗಿರಲಿ’ ಎಂದು ಮೊದಲ ದಿನವೇ ವಿನಂತಿಸಿಕೊಳ್ಳಿ. ಬೇಸರಪಟ್ಟುಕೊಂಡರೆ ಅವರಿಗೆ ಈ ಕೂಟ ಒಗ್ಗುವುದಿಲ್ಲ.

ವಾಟ್ಸ್‌ಆ್ಯಪ್ ಗುಂಪಿಗೆ ಶುಭೋದಯದ ಹೂಗಳು ಬೇಡ. ಸಭೆ ಮುಗಿದ ರಾತ್ರಿಯೇ ಆ ವಾರದ ನಿರ್ವಾಹಕರು ಎರಡು ಸಾಲು ಹಾಕಬೇಕು: ಎಲ್ಲಿ ನಿಂತೆವು, ಯಾವ ಪ್ರಶ್ನೆ ಉಳಿಯಿತು. ನಿರ್ವಾಹಕರು ಸರದಿಯಂತೆ ಬದಲಾಗಲಿ.

ಗೋರಕ್ಷ ಮುಗಿದ ಮೇಲೆ ಮುಕ್ತಾಯಕ್ಕನ ಪ್ರಸಂಗಕ್ಕೆ ಬನ್ನಿ. ಅಣ್ಣ ಅಜಗಣ್ಣ ತೀರಿಕೊಂಡ ದುಃಖದಲ್ಲೂ ಆಕೆ ಅಲ್ಲಮನ ಮಾತಿಗೆ ಸುಲಭಕ್ಕೆ ತಲೆದೂಗುವುದಿಲ್ಲ. ಅದಕ್ಕೆ ಎರಡು ಮೂರು ತಿಂಗಳು ತೆಗೆದಿಡಿ.